ಬಿಡುಗಡೆಯಾಗದ ಫೋನಿನ ಬಾಳಿಕೆ

ಮೊಬೈಲ್ ಫೋನುಗಳ ವಿಮರ್ಶೆ ಬರೆಯುವವರಲ್ಲಿ ಒಂದು ಮೂಲಭೂತ ದೋಷವಿದೆ. ಅವರು ಫೋನನ್ನು ನೋಡಿ ಬರೆಯುತ್ತಾರೆ. ಡಬ್ಬಿ ಬಿಚ್ಚಿ, ಚಾರ್ಜರ್ ಚುಚ್ಚಿ, ಎರಡು ಹಾಡು ಕೇಳಿ, ನಾಲ್ಕು ಫೋಟೊ ತೆಗೆದು ತೀರ್ಪು ಕೊಟ್ಟುಬಿಡುತ್ತಾರೆ. ವಸ್ತು ಕಣ್ಣೆದುರಿಗೆ ಬಿದ್ದಿರುವಾಗ ನಿಷ್ಪಕ್ಷಪಾತವಾಗಿ ಯೋಚಿಸಲು ಯಾರಿಂದ ಸಾಧ್ಯ? ಈ ಕಾರಣದಿಂದ ನಾನು, ಘೋಷಣೆಯಾಗಿಯೂ ಅಂಗಡಿಗೆ ಬಾರದೆ ಹೋದ ಫೋನುಗಳನ್ನು ಮಾತ್ರ ವಿಮರ್ಶೆಗೆ ಎತ್ತಿಕೊಳ್ಳುತ್ತೇನೆ. ಈ ಕ್ಷೇತ್ರದಲ್ಲಿ ಪೈಪೋಟಿ ಕಡಿಮೆ. ದೂರುಗಳೂ ಕಡಿಮೆ. ನನ್ನ ಮಾತು ನಂಬಿ ಫೋನ್ ಕೊಂಡು ಕೆಟ್ಟೆ ಎಂದವರು ಇಲ್ಲಿಯವರೆಗೆ ಒಬ್ಬರೂ ಸಿಕ್ಕಿಲ್ಲ.

ಈ ಸಲದ ವಿಮರ್ಶೆಗೆ ಸೆಂಡೋ ಎಕ್ಸ್2. ಹಾಡು ಕೇಳುವವರಿಗೆಂದೇ ಯೋಜಿಸಿದ ಸ್ಮಾರ್ಟ್‌ಫೋನ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಸೆಂಡೋ ಕಂಪನಿ ಇದನ್ನು 2005ರ ಆರಂಭದಲ್ಲಿ ಜಗತ್ತಿಗೆ ಪರಿಚಯಿಸಿತು. ಅದೇ ವರ್ಷ ಜೂನ್ ಕೊನೆಗೆ ಕಂಪನಿಯೇ ಕೈಚೆಲ್ಲಿತು. ಪರಿಚಯಕ್ಕೂ ಪರಿಸಮಾಪ್ತಿಗೂ ನಡುವೆ ಸಿಕ್ಕ ಆ ಕೆಲವೇ ತಿಂಗಳು ಈ ಫೋನಿನ ಪೂರ್ಣಾಯುಷ್ಯ. ಅಷ್ಟರಲ್ಲೇ ಅದು ಸಾಧಿಸಿದ್ದನ್ನು ಸಾಧಿಸಲು ಬೇರೆ ಫೋನುಗಳಿಗೆ ಆಗಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಮ್ಮ ಹಿರಿಯರು ಹಂಗಿಸುತ್ತಿದ್ದರು. ಹಿರಿಯರಿಗೆ ಮೊಬೈಲ್ ಉದ್ಯಮದ ಪರಿಚಯ ಇರಲಿಲ್ಲ, ಅವರನ್ನು ದೂರಿ ಫಲವಿಲ್ಲ. ಈ ಉದ್ಯಮದಲ್ಲಿ ಕುಲಾವಿಯೇ ಮುಖ್ಯ ಸರಕು. ಕೂಸು ಬಂದರೆ ಬಂತು, ಬಂದಮೇಲೆ ಅದರ ಮೂಗು ಸರಿಯಿಲ್ಲ, ಬಣ್ಣ ಸರಿಯಿಲ್ಲ ಎಂದು ಜನ ಆಡಿಕೊಳ್ಳುವುದಂತೂ ತಪ್ಪಿದ್ದಲ್ಲ.

ಎಕ್ಸ್2 ಏಕೆ ಇಷ್ಟು ಪರಿಪೂರ್ಣ ಎಂದು ತಿಳಿಯಬೇಕಾದರೆ ಅದರ ಮನೆತನ ತಿಳಿಯಬೇಕು. ನೋಕಿಯಾ ಫಿನ್ಲೆಂಡಿನದು, ಎರಿಕ್ಸನ್ ಸ್ವೀಡನ್ನಿನದು, ಮೊಟೊರೋಲಾ ಅಮೆರಿಕದ್ದು. ಬ್ರಿಟನ್ನಿಗೂ ಒಂದಿರಲಿ ಎನ್ನುವಂತೆ 1999ರಲ್ಲಿ ಹ್ಯೂ ಬ್ರೋಗನ್ ನೇತೃತ್ವದಲ್ಲಿ ಸೆಂಡೋ ಹುಟ್ಟಿತು. ಸಾಧಾರಣ ಗುಂಡಿ ಫೋನುಗಳನ್ನು ಅದು ಮಾಡಿತು, ಮಾರಿತು, ಜನ ಕೊಂಡರು, ಮಾತಾಡಿದರು. ನಮ್ಮ ಶಾಸ್ತ್ರದ ದೃಷ್ಟಿಯಿಂದ ಈ ಅಧ್ಯಾಯದಲ್ಲಿ ಗಮನಿಸುವಂಥದ್ದೇನೂ ಇಲ್ಲ.

ಗಮನಿಸಬೇಕಾದದ್ದು ಶುರುವಾಗುವುದು ಝಡ್100 ಎಂಬ ಫೋನಿನಿಂದ. ಕಂಪ್ಯೂಟರ್‌ಗಳನ್ನು ಗೆದ್ದು ಫೋನುಗಳ ಕಡೆ ಕಣ್ಣು ಹಾಯಿಸಿದ್ದ ಮೈಕ್ರೋಸಾಫ್ಟ್ ಆಗ ‘ಸ್ಟಿಂಗರ್’ ಎಂಬ ಗುಪ್ತನಾಮದಲ್ಲಿ ಫೋನಿಗೊಂದು ತಂತ್ರಾಂಶ ಮಾಡುತ್ತಿತ್ತು. ಅದನ್ನು ಹೊತ್ತು ಬರುವ ಮೊಟ್ಟಮೊದಲ ಫೋನ್ ಝಡ್100 ಆಗಬೇಕೆಂದು ಮಾತಾಯಿತು. ಮೈಕ್ರೋಸಾಫ್ಟ್ 2001ರಲ್ಲಿ ಸೆಂಡೋದಲ್ಲಿ 1.2 ಕೋಟಿ ಡಾಲರ್ ಹೂಡಿತು, ಆಡಳಿತ ಮಂಡಳಿಯಲ್ಲಿ ಕುರ್ಚಿಯನ್ನೂ ಹಾಕಿಸಿಕೊಂಡಿತು. ಮುಹೂರ್ತ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ 2002ರ ಅಕ್ಟೋಬರ್‌ನಲ್ಲಿ ಆರೆಂಜ್ ಎಂಬ ದೂರವಾಣಿ ಸಂಸ್ಥೆ ಎಸ್‌ಪಿವಿ ಎಂಬ ಫೋನ್ ಹೊರತಂದಿತು. ಒಳಗಿದ್ದದ್ದು ಅದೇ ಮೈಕ್ರೋಸಾಫ್ಟ್ ತಂತ್ರಾಂಶ. ಮಾಡಿಕೊಟ್ಟದ್ದು ತೈವಾನಿನ ಎಚ್‌ಟಿಸಿ. ಮದುವೆ ಮಂಟಪಕ್ಕೆ ಇನ್ನೊಬ್ಬ ವರ ಬಂದು ಕೂತದ್ದು ನೋಡಿ ಸೆಂಡೋ ನವೆಂಬರ್‌ನಲ್ಲಿ ಝಡ್100 ಯೋಜನೆಯನ್ನೇ ಕೈಬಿಟ್ಟು, ನೋಕಿಯಾದ ಸೀರೀಸ್ 60 ತಂತ್ರಾಂಶದ ಕಡೆಗೆ ತಿರುಗಿತು. ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್ ನ್ಯಾಯಾಲಯಕ್ಕೆ ಹೋಗಿ, ಮೈಕ್ರೋಸಾಫ್ಟ್ ತನ್ನ ವ್ಯಾಪಾರದ ಗುಟ್ಟುಗಳನ್ನು ಬಳಸಿಕೊಂಡಿತೆಂದು ದಾವೆ ಹೂಡಿತು. ಮೈಕ್ರೋಸಾಫ್ಟ್ ಇಲ್ಲವೆಂದಿತು, ತಾನೂ ಒಂದು ಪ್ರತಿದಾವೆ ಹಾಕಿತು. 2004ರಲ್ಲಿ ಇಬ್ಬರೂ ರಾಜಿಯಾದರು. ರಾಜಿಯ ಷರತ್ತುಗಳೂ ಬಿಡುಗಡೆಯಾಗಲಿಲ್ಲ, ಇದು ಸೆಂಡೋದ ಶಿಸ್ತಿಗೆ ಸಾಕ್ಷಿ.

ಝಡ್100 ಚೊಚ್ಚಲ ಪ್ರಯತ್ನ, ಆದ್ದರಿಂದ ಅದರಲ್ಲಿ ಕುಂದುಗಳಿವೆ. ಕೆಲವು ಮಾದರಿಗಳು ತಯಾರಾಗಿ ಹೊರಗೆ ಓಡಾಡಿದವು. ಸಂಗ್ರಾಹಕರು ಅವನ್ನು ಕಪಾಟಿನಲ್ಲಿ ಇಟ್ಟುಕೊಂಡು ಹೆಮ್ಮೆಪಡುತ್ತಾರೆ. ಇದನ್ನು ನಾನು ಅಭಿಮಾನ ಎನ್ನಲಾರೆ. ಬಾರದ ಫೋನಿಗೆ ಚಾರ್ಜರ್ ಹುಡುಕುವುದು ಶ್ರದ್ಧೆಯ ಕೊರತೆ.

ಆಮೇಲೆ ಬಂದದ್ದು ಸೆಂಡೋ ಎಕ್ಸ್. ಸೆಂಡೋದ ಸ್ಮಾರ್ಟ್‌ಫೋನ್ ಇತಿಹಾಸದಲ್ಲಿ ಇದೊಂದು ಕಪ್ಪುಚುಕ್ಕೆ. ಹೇಳಲು ನೋವಾಗುತ್ತದೆ, ಅದು ಬಿಡುಗಡೆಯಾಯಿತು. 2003ರಲ್ಲಿ ಘೋಷಿಸಿ 2004ರವರೆಗೆ ತಡೆದು ನೋಡಿದರು, ಕೊನೆಗೂ ಕೈತಪ್ಪಿ ಅಂಗಡಿಗೆ ಹೋಯಿತು. ಹೋದಮೇಲೆ ಎಲ್ಲ ಫೋನುಗಳಿಗೆ ಆಗುವುದೇ ಅದಕ್ಕೂ ಆಯಿತು: ತಡವಾಗಿ ಬಂತು, ನೋಕಿಯಾದಷ್ಟು ಹೆಸರಿಲ್ಲ, ಅದಿದೆ ಇದಿಲ್ಲ. ಈ ಅನುಭವದಿಂದ ಕಂಪನಿ ಪಾಠ ಕಲಿತಿತೆಂದೇ ನಾನು ತಿಳಿದಿದ್ದೇನೆ. ಮುಂದಿನ ಎಕ್ಸ್2ರ ವಿಷಯದಲ್ಲಿ ಅದು ಯಾವ ಅಪಾಯಕ್ಕೂ ಕೈಹಾಕಲಿಲ್ಲ. ಫೋನನ್ನಷ್ಟೇ ನಿಲ್ಲಿಸಿದರೆ ಯಾರಾದರೂ ಮತ್ತೆ ಶುರುಮಾಡಿಯಾರು ಎಂಬ ದೂರದೃಷ್ಟಿಯಿಂದ ಕಂಪನಿಯನ್ನೇ ನಿಲ್ಲಿಸಿತು. ಪೇಟೆಂಟ್ ವಿಚಾರವಾಗಿ ಎರಿಕ್ಸನ್ ಜತೆ ನಡೆದಿದ್ದ ವ್ಯಾಜ್ಯ, ದೊಡ್ಡವರ ನಡುವೆ ಚಿಕ್ಕ ಕಂಪನಿಗೆ ಸಾಲದ ಬಂಡವಾಳ ಎಂದೆಲ್ಲ ಕಾರಣ ಕೊಡುವವರಿದ್ದಾರೆ. ಅವು ಲೆಕ್ಕಪತ್ರದವರ ಮಾತು.

ಈಗ ಹಾಡಿನ ವಿಷಯಕ್ಕೆ ಬರೋಣ. 2005 ಎಂದರೆ ಫೋನುಗಳೆಲ್ಲ ಏಕಾಏಕಿ ಹಾಡಲು ಹೊರಟ ವರ್ಷ. ಐಪಾಡ್ ಮಾರಾಟ ನೋಡಿ ಪ್ರತಿಯೊಬ್ಬರಿಗೂ, ಜನ ಎರಡು ಯಂತ್ರ ಹೊತ್ತು ತಿರುಗುತ್ತಾರಲ್ಲ, ನಮ್ಮದೊಂದರಲ್ಲೇ ಎರಡೂ ಮಾಡಿಬಿಡೋಣ ಎನಿಸಿತ್ತು. ಸೋನಿ ಎರಿಕ್ಸನ್ ಮಾರ್ಚ್‌ನಲ್ಲಿ ಡಬ್ಲ್ಯೂ800 ಘೋಷಿಸಿತು. ವಾಕ್‌ಮನ್ ಎಂಬ ಹಳೆಯ ಹೆಸರನ್ನು ಫೋನಿನ ಹಣೆಗೆ ಮೊದಲ ಬಾರಿ ಅಂಟಿಸಿದ್ದು ಆಗಲೇ. ನೋಕಿಯಾ ಏಪ್ರಿಲ್‌ನಲ್ಲಿ ಎನ್91 ತೋರಿಸಿತು. ಅದರೊಳಗೆ 4 ಜಿಬಿಯ ಹಾರ್ಡ್ ಡಿಸ್ಕೇ ತಿರುಗುತ್ತಿತ್ತು. ತೂಕ 164 ಗ್ರಾಂ, ಜೇಬಿನಲ್ಲಿ ಇಟ್ಟರೆ ಅಂಗಿ ಒಂದು ಕಡೆಗೆ ವಾಲುವಷ್ಟು. ಇದು ವರ್ಷಾಂತ್ಯಕ್ಕೆ ಬರುತ್ತದೆ ಎಂದರು, ಬಾರದೆ 2006ಕ್ಕೆ ಹೋಯಿತು. ಆ ಕೆಲವು ತಿಂಗಳು ನಾನು ಬಹಳ ಆಸೆ ಇಟ್ಟುಕೊಂಡಿದ್ದೆ. ಕೊನೆಗೆ ಅದೂ ಬಂತು.

ಈ ಸಾಲಿನಲ್ಲಿ ಎಕ್ಸ್2 ಎಲ್ಲಿ ನಿಲ್ಲುತ್ತದೆ? ಧ್ವನಿಯ ಗುಣಮಟ್ಟ ಮೊದಲು ನೋಡಬೇಕು. ಆ ಕಾಲದ ಫೋನುಗಳಲ್ಲಿ ಹಾಡು ಕೇಳುವಾಗ ಹಿಂದಿನಿಂದ ಸಣ್ಣದೊಂದು ‘ಸೊಂಯ್’ ಬರುತ್ತಿತ್ತು, ಸಿಗ್ನಲ್ ಹುಡುಕುವಾಗ ಪಕ್ಕದ ಸ್ಪೀಕರ್ ‘ಟಿಟ್ಟಿಟ್ಟಿಟ್’ ಎನ್ನುತ್ತಿತ್ತು. ಎಕ್ಸ್2ರಲ್ಲಿ ಗದ್ದಲ ಸೊನ್ನೆ. ಈ ಮಟ್ಟದ ನಿಶ್ಶಬ್ದ ಹಿನ್ನೆಲೆಯನ್ನು ಲಕ್ಷಗಟ್ಟಲೆ ಸುರಿದು ಆಡಿಯೋ ಸಾಮಾನು ಕೊಳ್ಳುವವರೂ ಕೇಳಿರಲಾರರು. ಮುನ್ನೆಲೆಯೂ ಅಷ್ಟೇ ನಿಶ್ಶಬ್ದ ಎಂದು ಆಕ್ಷೇಪಿಸುವವರಿಗೆ ನನ್ನ ಉತ್ತರ, ಒಂದೊಂದಾಗಿ ಪರೀಕ್ಷಿಸೋಣ, ಎಲ್ಲವನ್ನೂ ಒಟ್ಟಿಗೆ ಕಲಸಬೇಡಿ.

ಇಯರ್‌ಫೋನ್ ವಿಷಯದಲ್ಲೂ ಅದಕ್ಕೆ ಸಾಟಿಯಿಲ್ಲ. ಆಗ ಒಂದೊಂದು ಕಂಪನಿಯದು ಒಂದೊಂದು ತೂತು. ಸೋನಿ ಎರಿಕ್ಸನ್‌ನ ಇಯರ್‌ಫೋನ್ ಸೋನಿ ಎರಿಕ್ಸನ್‌ಗೆ ಮಾತ್ರ. ಕಳೆದುಹೋದರೆ ಅಂಗಡಿ ಅಂಗಡಿ ಅಲೆಯಬೇಕು. ನಿಮ್ಮ ಮನೆಯ ಡ್ರಾಯರ್‌ನಲ್ಲಿ ಗಂಟುಬಿದ್ದಿರುವ ಯಾವ ವೈರನ್ನೇ ತೆಗೆಯಿರಿ, ಎಕ್ಸ್2ಗೆ ಅದು ಹೊಂದುವುದಿಲ್ಲ ಎಂದು ಸಾಬೀತುಪಡಿಸಲು ಯಾರಿಂದಲೂ ಆಗದು.

ಹಾಡುಗಳ ಸಂಖ್ಯೆಯ ಪ್ರಶ್ನೆ ಇನ್ನೂ ಗಂಭೀರವಾದದ್ದು. ಇಲ್ಲಿ ನಾನು ಮೊಟೊರೋಲಾ ರೋಕರ್ ಇ1 ಎಂಬ ಪ್ರತಿಸ್ಪರ್ಧಿಯನ್ನು ಕರೆತರಬೇಕಾಗುತ್ತದೆ. ಆ ಜೂನ್‌ನಲ್ಲಿ ಸೆಂಡೋ ಮುಳುಗಿದಾಗ ಅದರ ಆಸ್ತಿ, ಪೇಟೆಂಟುಗಳು, ಎಂಜಿನಿಯರುಗಳು ಎಲ್ಲವನ್ನೂ ಎತ್ತಿಕೊಂಡದ್ದು ಮೊಟೊರೋಲಾ. ಸಂಗೀತದ ಫೋನ್ ಯೋಜಿಸಿದ್ದ ತಲೆಗಳು ಹೀಗೆ ಅದರ ಕೈಸೇರಿದವು. ಆದರೆ ಆ ಹೊತ್ತಿಗೆ ಆ್ಯಪಲ್ ಜತೆ ಸೇರಿ ಮಾಡಿದ ಇನ್ನೊಂದು ಸಂಗೀತದ ಫೋನ್, ಇದೇ ರೋಕರ್, ಒಲೆಯ ಮೇಲೆ ಕುದಿಯುತ್ತಿತ್ತು. ಮೊಟೊರೋಲಾ ಬಳಿ ಎರಡು ದಾರಿಗಳಿದ್ದವು. ಬಾರದ ಫೋನಿನ ಪರಂಪರೆ ಒಂದು ಕಡೆ, ಬರಲಿದ್ದ ಫೋನು ಇನ್ನೊಂದು ಕಡೆ. ಅದು ಬರಲಿದ್ದ ಫೋನನ್ನು ಆರಿಸಿಕೊಂಡಿತು. ಉದ್ಯಮದಲ್ಲಿ ಇಂಥ ಆತುರದ ನಿರ್ಧಾರಗಳಿಗೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಮುಂದಿನದು ಉದಾಹರಣೆ.

2005ರ ಸೆಪ್ಟೆಂಬರ್ 7, ಸ್ಯಾನ್ ಫ್ರಾನ್ಸಿಸ್ಕೊ. ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್. ಕೈಯಲ್ಲಿ ಬಿಳಿ ರೋಕರ್, ಬಾರಿನಾಕಾರದ ಮಾಮೂಲಿ ಗುಂಡಿ ಫೋನು. ಹಾಡು ಶುರುಮಾಡುತ್ತಾರೆ, ಬರುತ್ತದೆ. ಹಾಡಿನ ನಡುವೆ ಕರೆ ಬರುತ್ತದೆ, ಹಾಡು ತಾನಾಗಿ ನಿಲ್ಲುತ್ತದೆ, ಮಾತಾಡುತ್ತಾರೆ, ಕರೆ ಮುಗಿಯುತ್ತದೆ. ಈಗ ಒಂದು ಗುಂಡಿ ಒತ್ತಿದರೆ ಹಾಡು ಬಿಟ್ಟ ಜಾಗದಿಂದ ಮುಂದುವರಿಯಬೇಕು. ಒತ್ತುತ್ತಾರೆ. ಏನೂ ಇಲ್ಲ. ಸಭೆ ಕಾಯುತ್ತದೆ. ತಪ್ಪು ಗುಂಡಿ ಒತ್ತಿಬಿಟ್ಟೆ ಎಂದು ಜಾಬ್ಸ್ ಸಮಜಾಯಿಷಿ ಕೊಡುತ್ತಾರೆ. ಜಗತ್ತಿಗೆ ಯಂತ್ರ ತೋರಿಸುವುದರಲ್ಲಿ ಆ ಮನುಷ್ಯನನ್ನು ಮೀರಿಸಿದವರಿಲ್ಲ, ಅವರಿಗೂ ಈ ಗತಿ. ಹೋಲಿಕೆಗಾಗಿ ಹೇಳುತ್ತೇನೆ, ಸೆಂಡೋ ಎಕ್ಸ್2 ಕೊಂಡ ಗ್ರಾಹಕರಲ್ಲಿ ಒಬ್ಬರಾದರೂ ತಪ್ಪು ಗುಂಡಿ ಒತ್ತಿದ ದಾಖಲೆ ಇಲ್ಲ.

ಅದೇ ವೇದಿಕೆಯಲ್ಲಿ, ರೋಕರ್ ಪಕ್ಕಕ್ಕಿಟ್ಟಮೇಲೆ, ಜಾಬ್ಸ್ ತಮ್ಮ ಜೀನ್ಸ್ ಪ್ಯಾಂಟಿನ ಚಿಲ್ಲರೆ ಜೇಬಿಗೆ ಎರಡು ಬೆರಳು ಇಳಿಸಿ ಐಪಾಡ್ ನ್ಯಾನೋ ಹೊರತೆಗೆದರು. ಸಾವಿರ ಹಾಡು ಹಿಡಿಯುವ 4 ಜಿಬಿ ನ್ಯಾನೋ, ಬೆಲೆ 249 ಡಾಲರ್. ರೋಕರ್ ಕೂಡ ಹತ್ತಿರಹತ್ತಿರ ಅಷ್ಟೇ ಬೆಲೆ, ಅದೂ ಸಿಂಗ್ಯುಲರ್ ಎಂಬ ಸಂಸ್ಥೆಯ ಕರಾರಿಗೆ ಸಹಿಹಾಕಿದಮೇಲೆ. ಅದರಲ್ಲಿ ಹಿಡಿಸುವ ಹಾಡು ನೂರು. ನೂರೊಂದನೆಯ ಹಾಡಿಗೆ ಕಾರ್ಡಿನಲ್ಲಿ ಜಾಗ ಇದ್ದರೂ ತಂತ್ರಾಂಶದಲ್ಲಿ ಅಪ್ಪಣೆ ಇರಲಿಲ್ಲ. ಆ ನೂರನ್ನು ಕಂಪ್ಯೂಟರಿನಿಂದ ಇಳಿಸುವುದೂ ನಿಧಾನ. ಫೋನಿನಿಂದ ನೇರವಾಗಿ ಹಾಡು ಕೊಳ್ಳುವಂತೆಯೂ ಇರಲಿಲ್ಲ, ಫೋನಾಗಿಯೂ.

ನಮ್ಮ ಕಡೆಯ ಓದುಗರಿಗೆ ಈ ನೂರರ ಮಿತಿ ಅರ್ಥವಾಗಲಿಕ್ಕಿಲ್ಲ. ಮುಂದೆ ನಮ್ಮ ತಾಲ್ಲೂಕು ಬಸ್ ನಿಲ್ದಾಣಗಳ ಎದುರು ಮೊಬೈಲ್ ಅಂಗಡಿಗಳು ಎದ್ದವಲ್ಲ, ಅಲ್ಲಿಯ ಹುಡುಗ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವಾಗ ಎಣಿಸಿದ್ದನ್ನು ಯಾರೂ ನೋಡಿಲ್ಲ. ‘ಅಣ್ಣಾವ್ರದ್ದು ಹಾಕಪ್ಪ’ ಎಂದರೆ ಕಾರ್ಡು ತುಂಬುವವರೆಗೂ ಸುರಿಯುತ್ತಿದ್ದ. ಸಂದಿಯಲ್ಲಿ ಕೇಳದಿದ್ದರೂ ಎರಡು ಜಾನಪದ, ಒಂದು ಅಯ್ಯಪ್ಪನ ಭಜನೆ, ಇನ್ನಾರದೋ ಮಗುವಿನ ಹುಟ್ಟುಹಬ್ಬದ ವಿಡಿಯೋ ಬಂದು ಸೇರಿರುತ್ತಿತ್ತು. ಕಾನೂನಿನ ಪ್ರಕಾರ ಇದು ಸರಿಯಲ್ಲ. ಗ್ರಾಹಕ ಸೇವೆಯ ಪ್ರಕಾರ ಕ್ಯಾಲಿಫೋರ್ನಿಯಾ ಇದರ ಮುಂದೆ ಏನೂ ಅಲ್ಲ.

‘ವೈರ್ಡ್’ ಪತ್ರಿಕೆ ಆ ನವೆಂಬರ್‌ನಲ್ಲಿ ರೋಕರ್ ಚಿತ್ರವನ್ನು ಮುಖಪುಟಕ್ಕೇ ಹಾಕಿ, ಭವಿಷ್ಯದ ಫೋನ್ ಎಂದರೆ ಇದೇನಾ ಎಂದು ಕೇಳಿತು. ಮೊಟೊರೋಲಾದ ಮುಖ್ಯಸ್ಥ ಎಡ್ ಝ್ಯಾಂಡರ್ ನ್ಯಾನೋ ಕುರಿತು ಒಂದು ಸಭೆಯಲ್ಲಿ ಆಡಿದ ಮಾತು ಮನೆಮಂದಿ ಓದುವ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ಎಕ್ಸ್2ರ ಬಗ್ಗೆ ಯಾವ ಪತ್ರಿಕೆಯ ಮುಖಪುಟದಲ್ಲೂ ಇಂಥ ಪ್ರಶ್ನೆ ಬರಲಿಲ್ಲ. ಬಾಳಿಕೆ ಎಂದರೆ ಇದು.

ಈ ಪರಂಪರೆಯಲ್ಲಿ ಇನ್ನೊಂದು ಹೆಸರನ್ನು ಸ್ಮರಿಸದಿದ್ದರೆ ಅಪಚಾರವಾದೀತು. ನೋಕಿಯಾ 7700, 2003ರ ಅಕ್ಟೋಬರ್‌ನಲ್ಲಿ ಘೋಷಿತ. ಮುಟ್ಟಿ ನಡೆಸುವ ಅಗಲ ಪರದೆ, 640 ಕ್ಕೆ 320 ಚುಕ್ಕೆ, ಹಾಡು, ವಿಡಿಯೋ, ರೇಡಿಯೋ. ಮಾತಾಡುವಾಗ ಮಾತ್ರ ಅದರ ಅಂಚನ್ನು ಕಿವಿಗೆ ಆನಿಸಿಕೊಳ್ಳಬೇಕು. ದೂರದಿಂದ ನೋಡುವವರಿಗೆ ಈತ ಅರ್ಧ ಹೋಳಿಗೆ ಕಿವಿಗೆ ಸಿಕ್ಕಿಸಿಕೊಂಡಿದ್ದಾನೆ ಅನಿಸುವ ಭಂಗಿ. 2004ರಲ್ಲಿ ನೋಕಿಯಾ ಅದನ್ನು ಅಂಗಡಿಗೆ ಕಳಿಸದೆ ಕಾಪಾಡಿತು. ಅಲ್ಲಿಗೇ ಬಿಟ್ಟಿದ್ದರೆ ಅದೊಂದು ಮೇರುಕೃತಿ. ಭಂಗಿ ಸರಿಪಡಿಸಿ 7710 ಎಂಬ ಹೆಸರಿನಲ್ಲಿ ತಮ್ಮನನ್ನು ಹೊರಬಿಟ್ಟದ್ದು ಮನೆತನದ ಮಾನಕ್ಕೆ ಬಂದ ಕುಂದು. ಹಾಗೆಯೇ ಮೈಕ್ರೋಸಾಫ್ಟ್ 2010ರಲ್ಲಿ ಕಿನ್ ಎಂಬ ಫೋನಿಗೆ ತನ್ನ ಝೂನ್ ಎಂಬ ಸಂಗೀತ ಸೇವೆಯನ್ನೆಲ್ಲ ತುಂಬಿ ಮಾರಾಟಕ್ಕೆ ಇಟ್ಟಿತು, ಎರಡು ತಿಂಗಳು ತುಂಬುವ ಮೊದಲೇ ನಿಲ್ಲಿಸಿತು. ಕಿನ್‌ನಲ್ಲಿ ಪ್ರತಿಭೆ ಇತ್ತು, ಸಂಯಮ ಇರಲಿಲ್ಲ. ಇನ್ನೆರಡು ತಿಂಗಳು ಬಾಯಿಮುಚ್ಚಿಕೊಂಡಿದ್ದರೆ ನಮ್ಮ ಸಾಲಿಗೆ ಬರುತ್ತಿತ್ತು.

ನನ್ನ ಅಕ್ಕನ ಮಗ ಈಚೆಗೆ ಸಲಹೆ ಕೇಳಿಕೊಂಡು ಬಂದ.

‘ಮಾಮ, ಹಾಡು ಕೇಳೋಕೆ ಒಳ್ಳೇ ಫೋನ್ ಯಾವ್ದು?’

‘ಸೆಂಡೋ ಎಕ್ಸ್2.’

‘ಎಲ್ಲಿ ಸಿಗುತ್ತೆ?’

‘ಎಲ್ಲೂ ಸಿಗಲ್ಲ. ಅದೇ ಅದರ ಹೆಚ್ಚುಗಾರಿಕೆ.’

‘ಅದು ಬಿಟ್ರೆ?’

‘ಸ್ವಲ್ಪ ಅಗ್ಗದ್ದು ಬೇಕಾದ್ರೆ ನೋಕಿಯಾ 7700.’

‘ಅದಾದ್ರೂ ಸಿಗುತ್ತಾ?’

ತಜ್ಞರ ಹತ್ತಿರ ಬಂದು ಜನ ಹೀಗೆ ಅಡ್ಡಪ್ರಶ್ನೆ ಹಾಕುತ್ತಾರೆ. ಅವನು ಹೋಗಿ ಅಂಗಡಿಯಲ್ಲಿ ಸಿಗುವ ಯಾವುದೋ ಫೋನ್ ತಂದ. ಹೊಳೆಯುವ ಡಬ್ಬಿ, ಅದರಲ್ಲಿ ಇಯರ್‌ಫೋನ್ ಇಲ್ಲ, ಚಾರ್ಜರ್ ಇಲ್ಲ, ಇಯರ್‌ಫೋನ್ ಚುಚ್ಚಲು ತೂತೂ ಇಲ್ಲ. ನೋಡಿ ನನಗೆ ಸಮಾಧಾನವಾಯಿತು. ಉದ್ಯಮ ಸರಿಯಾದ ದಿಕ್ಕಿನಲ್ಲೇ ಸಾಗಿದೆ. ಒಂದೊಂದೇ ಭಾಗವನ್ನು ಬಿಡುಗಡೆ ಮಾಡದಿರುವ ಅಭ್ಯಾಸ ಶುರುವಾಗಿದೆ, ಒಂದಲ್ಲ ಒಂದು ದಿನ ಫೋನಿನ ಸರದಿಯೂ ಬರಬಹುದು. ಅವನ ಫೋನಿನ ಗಾಜು ಮೊನ್ನೆ ಬಿರುಕುಬಿಟ್ಟಿತು. ಸರ್ವಿಸ್ ಸೆಂಟರಿನಲ್ಲಿ ಟೋಕನ್ ಹಿಡಿದು ಕಾದು ಕುಳಿತು, ‘ಇದು ವಾರಂಟಿಲಿ ಬರಲ್ಲ ಸಾರ್’ ಎಂಬ ಮಾತು ಕೇಳಿಸಿಕೊಂಡು ಬಂದ. ಸೆಂಡೋ ಎಕ್ಸ್2ರ ಗಾಜು ಘೋಷಣೆಯಾಗಿ ಎರಡು ದಶಕ ದಾಟಿದರೂ ಗೀರೊಂದು ಬಿದ್ದಿಲ್ಲ.

ಮುಂದೆ ಯಾವ ಫೋನ್ ಬಾರದೆ ಉಳಿಯುತ್ತದೆ ಎಂದು ಮೊದಲೇ ಹೇಗೆ ಗುರುತಿಸುವುದು ಎಂದು ಕಲಿಯುವವರು ಕೇಳುತ್ತಾರೆ. ಖಚಿತ ಸೂತ್ರವಿಲ್ಲ, ಕಣ್ಣು ಪಳಗಬೇಕು. ‘ವರ್ಷದ ದ್ವಿತೀಯಾರ್ಧದಲ್ಲಿ’ ಎಂದು ಹೇಳಿ ಯಾವ ವರ್ಷ ಎಂದು ಹೇಳದಿದ್ದರೆ ಶುಭಲಕ್ಷಣ. ಕಂಪನಿಯ ಮುಖ್ಯಸ್ಥರು ಫೋನನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ತೋರಿಸಿದರೆ ಇನ್ನೂ ಶುಭ. ‘ಸಂಗೀತಪ್ರೇಮಿಗಳ ಬಹುದಿನದ ಕನಸು’ ಎಂಬ ಮಾತು ಬಂದರೆ ಬಹುತೇಕ ನಿಶ್ಚಿಂತೆಯಿಂದಿರಬಹುದು. ಆದರೂ ಒಮ್ಮೊಮ್ಮೆ ಲೆಕ್ಕ ತಪ್ಪುತ್ತದೆ. ಸೆಂಡೋ ಮುಗಿದ ಸರಿಯಾಗಿ ಎರಡು ವರ್ಷಕ್ಕೆ, 2007ರ ಜೂನ್ ಕೊನೆಯಲ್ಲಿ, ಐಫೋನ್ ಮಾರಾಟಕ್ಕೆ ಬಂತು. ಅದಕ್ಕೂ ಆರು ತಿಂಗಳ ಮುಂಚೆ ಘೋಷಿಸಿದಾಗ ಗಾಜಿನ ಪೆಟ್ಟಿಗೆ ಸಮೇತ ಎಲ್ಲ ಲಕ್ಷಣಗಳೂ ಕೂಡಿದ್ದವು. ಅದು ಬಿಡುಗಡೆಯಾದದ್ದರ ಫಲವನ್ನು ಇವತ್ತು ಊಟದ ಎಲೆಯ ಮುಂದೆ ತಲೆತಗ್ಗಿಸಿ ಕೂತ ಪ್ರತಿ ಮನೆಯೂ ಅನುಭವಿಸುತ್ತಿದೆ.

ಇನ್ನು ಅಂಕ ಕೊಡುವ ಸಮಯ. ಧ್ವನಿ, ಬ್ಯಾಟರಿ, ಬಾಳಿಕೆ, ಬೆಲೆ ಎಲ್ಲದರಲ್ಲೂ ಪೂರ್ಣಾಂಕ. ಒಟ್ಟು ಐದಕ್ಕೆ ನಾಲ್ಕೂವರೆ ನಕ್ಷತ್ರ. ಅರ್ಧ ನಕ್ಷತ್ರ ಕಡಿತ ಮಾಡಿದ್ದಕ್ಕೆ ಅಭಿಮಾನಿಗಳು ಸಿಟ್ಟಾಗಬಾರದು. ಎಷ್ಟೇ ಆದರೂ ಎಕ್ಸ್2 ಒಮ್ಮೆ ಘೋಷಣೆಯಾಗಿಬಿಟ್ಟಿತ್ತು, ಹೆಸರಿತ್ತು, ಚಿತ್ರವಿತ್ತು, ಕಾದವರಿದ್ದರು. ಐದಕ್ಕೆ ಐದು ಸಿಗಬೇಕಾದರೆ ಘೋಷಣೆಯೂ ಆಗಿರಬಾರದು. ಅಂಥದ್ದೊಂದು ಫೋನ್ ನನ್ನ ಗಮನದಲ್ಲಿದೆ. ಅದರ ವಿಮರ್ಶೆಯನ್ನು ಆಗಲೇ ಬರೆದು ಮುಗಿಸಿದ್ದೇನೆ, ಸಂಪಾದಕರು ಕೇಳಿದರೂ ಕೊಟ್ಟಿಲ್ಲ.